ದುಬೈ ಲೈಸೆನ್ಸ್‌ಗೆ ಮೊದಲು ಮಡಿಕೇರಿಯಲ್ಲಿ ಆಗಬೇಕಾದ ಕೆಲಸ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಕೆಲವು ತಿಂಗಳುಗಳಿಂದ ನಮ್ಮ ಜಿಲ್ಲೆಯ ಪಟ್ಟಣಗಳ ಹೋಟೆಲ್ ಸಭಾಂಗಣಗಳಲ್ಲಿ, ವಿದೇಶದಲ್ಲಿ ಆನ್‌ಲೈನ್ ಮಾರಾಟ ಕಂಪನಿ ತೆರೆದುಕೊಡುತ್ತೇವೆಂದು ಹೇಳುವ ಏಜೆಂಟರ ಸಭೆಗಳು ನಡೆಯುತ್ತಿವೆ. ಕಾಫಿ, ಕರಿಮೆಣಸು, ಏಲಕ್ಕಿ, ಜೇನು ಯಾವುದಿದ್ದರೂ ಸರಿ, ದುಬೈಯಲ್ಲೋ ಸಿಂಗಪುರದಲ್ಲೋ ಒಂದು ಲೈಸೆನ್ಸ್ ಮಾಡಿಸಿಕೊಂಡರೆ ಜಗತ್ತಿಗೇ ಮಾರಬಹುದು, ತೆರಿಗೆಯೂ ಇಲ್ಲ, ಊರು ಬಿಟ್ಟು ಹೋಗಬೇಕಾಗಿಯೂ ಇಲ್ಲ ಎಂಬುದು ಅಲ್ಲಿ ಕೊಡುವ ಭರವಸೆ. ವಿರಾಜಪೇಟೆಯಲ್ಲಿ ಬೆಳೆಗಾರರ ಮತ್ತು ಸಣ್ಣ ವರ್ತಕರ ತೆರಿಗೆ ಲೆಕ್ಕ ನೋಡಿಕೊಳ್ಳುವ, ಸ್ವತಃ ಒಂದಿಷ್ಟು ಕಾಫಿ ತೋಟವೂ ಇರುವ ನನ್ನ ಬಳಿಗೆ ಈ ಸಭೆಗಳಿಂದ ನೇರವಾಗಿ ಬರುವ ಯುವಕ ಯುವತಿಯರ ಸಂಖ್ಯೆ ಹೆಚ್ಚುತ್ತಿದೆ. ಕೆಲವರು ಸಹಿ ಹಾಕುವ ಮೊದಲು ಬರುತ್ತಾರೆ, ಹೆಚ್ಚಿನವರು ಹಾಕಿದ ಮೇಲೆ ಬರುತ್ತಾರೆ. ವಿದೇಶದಲ್ಲಿ ಕಂಪನಿ ತೆರೆಯುವುದು ತಪ್ಪೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ತೋಟ, ಸರಕು, ಮಾಲೀಕ ಎಲ್ಲವೂ ಕೊಡಗಿನಲ್ಲೇ ಇರುವಾಗ ಅದು ಮೊದಲ ಹೆಜ್ಜೆಯಾಗಬಾರದು ಎಂಬುದನ್ನು, ಮತ್ತು ಆ ಮೊದಲ ಹೆಜ್ಜೆಗೆ ಬೇಕಾದ ನೆರವು ಈ ಜಿಲ್ಲೆಯಲ್ಲೇ ಸಿಗುವಂತಾಗಬೇಕು ಎಂಬುದನ್ನು ಹೇಳಬೇಕಾಗಿದೆ.

ಈ ಮಕ್ಕಳ ಆಸೆಯಲ್ಲಿ ಯಾವ ದೋಷವೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಂದೆಯವರ ಕಾಲದಲ್ಲಿ ಬೆಳೆಗಾರ ತನ್ನ ಕಾಫಿಯನ್ನು, ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಹಣ ಕಂತು ಕಂತಾಗಿ ಬರುವುದನ್ನು ಕಾಯುತ್ತಿದ್ದ. ಆ ಪದ್ಧತಿ ಹಂತ ಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಪೂರ್ಣ ಮುಕ್ತ ಮಾರಾಟದ ಹಕ್ಕು ಸಿಕ್ಕಿತು. ಹಕ್ಕು ಸಿಕ್ಕಿದರೂ ನಮ್ಮಲ್ಲಿ ಬಹುಪಾಲು ಜನ ಇಂದಿಗೂ ಕಣದಲ್ಲಿ ಒಣಗಿದ ಚೆರ್ರಿಯನ್ನು, ಅಂದರೆ ಸಿಪ್ಪೆಸಹಿತ ಕಾಫಿ ಹಣ್ಣನ್ನು, 50 ಕೆ.ಜಿ. ಚೀಲದ ಲೆಕ್ಕದಲ್ಲಿ ಊರಿನ ವ್ಯಾಪಾರಿಗೆ ಕೊಟ್ಟು ಬರುತ್ತೇವೆ. ಔಟ್‌ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು ಬಂತೆಂದು ಅವರು ಹೇಳುತ್ತಾರೆ, ರೊಬಸ್ಟಾದ ದರವನ್ನು ಲಂಡನ್ ಮಾರುಕಟ್ಟೆ, ಅರೇಬಿಕಾದ ದರವನ್ನು ನ್ಯೂಯಾರ್ಕ್ ಮಾರುಕಟ್ಟೆ ಹೇಳುತ್ತದೆ. ಅದೇ ಬೀಜವನ್ನು ಹುರಿದು, ಕಾಲು ಕಿಲೋ ಪೊಟ್ಟಣದಲ್ಲಿ ತುಂಬಿ, ತೋಟದ ಹೆಸರು ಬರೆದು ಗ್ರಾಹಕನ ಕೈಗೇ ಕೊಡಬೇಕೆಂದು ಮಗನೋ ಮಗಳೋ ಹೇಳಿದರೆ ಅದಕ್ಕಿಂತ ಸಂತೋಷದ ಮಾತು ಇನ್ನೊಂದಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದ ಎಷ್ಟೋ ಮಂದಿ ಈ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದಾರೆ. ಅವರ ಶ್ರಮ ಮತ್ತು ಉಳಿತಾಯ ತಪ್ಪು ದಾರಿಯಲ್ಲಿ ಕರಗಬಾರದೆಂಬುದೇ ನನ್ನ ಕಳಕಳಿ.

ಏಜೆಂಟರು ಹೇಳುವುದರಲ್ಲಿ ನಿಜವೂ ಇದೆ. ಯುಎಇಯಲ್ಲಿ ಸ್ವತಂತ್ರ ವಲಯಗಳು, ಅಂದರೆ ಫ್ರೀ ಜೋನ್‌ಗಳು, ಮೊದಲಿನಿಂದಲೂ ವಿದೇಶಿಯರಿಗೆ ಪೂರ್ಣ ಒಡೆತನ ಕೊಡುತ್ತಿದ್ದವು. 2021ರ ಜೂನ್‌ನಿಂದ ವಲಯದ ಹೊರಗೂ ಬಹುತೇಕ ವ್ಯಾಪಾರಗಳಿಗೆ ಸ್ಥಳೀಯ ಪಾಲುದಾರ ಬೇಕೆಂಬ ಕಟ್ಟಳೆ ಹೋಗಿದೆ. ದುಬೈಯ ಡಿಎಂಸಿಸಿ ಎಂಬ ಸ್ವತಂತ್ರ ವಲಯ 2019ರಲ್ಲಿ ಕಾಫಿಗೆಂದೇ ಒಂದು ಕೇಂದ್ರ ತೆರೆದು, ಹಸಿ ಬೀಜದ ದಾಸ್ತಾನಿನಿಂದ ಹಿಡಿದು ಹುರಿಯುವುದು, ಪ್ಯಾಕ್ ಮಾಡುವುದರವರೆಗೆ ಸೌಲಭ್ಯ ಒದಗಿಸಿದೆ. ಸಿಂಗಪುರದಲ್ಲಿ ಹೆಸರು ಕಾದಿರಿಸಲು 15 ಸಿಂಗಪುರ ಡಾಲರ್, ನೋಂದಣಿಗೆ 300 ಡಾಲರ್ ಸರ್ಕಾರಿ ಶುಲ್ಕ. ಒಂದು ಡಾಲರ್ ಮೂಲ ಬಂಡವಾಳವಿದ್ದರೂ ಕಂಪನಿ ನೋಂದಣಿಯಾಗುತ್ತದೆ. ಆದರೆ ಇವೆಲ್ಲ ಬಾಗಿಲು ದಾಟುವ ಖರ್ಚಿನ ಮಾತು. ಒಳಗೆ ನಿಂತು ವ್ಯಾಪಾರ ನಡೆಸುವ ಖರ್ಚಿನ ಬಗ್ಗೆ ಸಭೆಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಇತ್ತೀಚೆಗೆ ಸುಂಟಿಕೊಪ್ಪ ಕಡೆಯ ಯುವ ದಂಪತಿ ನನ್ನ ಮೇಜಿನ ಮೇಲಿಟ್ಟ ಕೊಟೇಶನ್ ಹಾಳೆಯನ್ನೇ ನೋಡೋಣ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಲೈಸೆನ್ಸ್ ಶುಲ್ಕ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಸ್ಟಾಬ್ಲಿಷ್‌ಮೆಂಟ್ ಕಾರ್ಡ್, ವೀಸಾ, ವೈದ್ಯಕೀಯ ತಪಾಸಣೆ, ಎಮಿರೇಟ್ಸ್ ಗುರುತಿನ ಚೀಟಿ, ಫ್ಲೆಕ್ಸಿ ಡೆಸ್ಕ್ ಎಂದು ಕರೆಯುವ ಹಂಚಿಕೆಯ ಮೇಜಿನ ಬಾಡಿಗೆ. ಕೊನೆಯ ಸಾಲಿನಲ್ಲಿ ‘ಬ್ಯಾಂಕ್ ಖಾತೆಗೆ ನೆರವು’ ಎಂದಿತ್ತು, ಖಾತೆ ತೆರೆದುಕೊಡುತ್ತೇವೆ ಎಂದಿರಲಿಲ್ಲ. ಮುಂದಿನ ವರ್ಷ ಇದರಲ್ಲಿ ಯಾವ್ಯಾವುದನ್ನು ಮತ್ತೆ ಕಟ್ಟಬೇಕೆಂಬ ಕಾಲಂ ಆ ಹಾಳೆಯಲ್ಲಿ ಇರಲೇ ಇಲ್ಲ. ಎಲ್ಲಕ್ಕಿಂತ ನನ್ನ ಗಮನ ಸೆಳೆದದ್ದು ಚಟುವಟಿಕೆ ಎಂಬ ಸಾಲು. ಅಲ್ಲಿನ ಲೈಸೆನ್ಸ್‌ನಲ್ಲಿ ಯಾವ ಚಟುವಟಿಕೆ ನಮೂದಾಗಿದೆಯೋ ಅದನ್ನು ಮಾತ್ರ ಮಾಡಬಹುದು. ಇವರ ಹಾಳೆಯಲ್ಲಿ ಇ-ಕಾಮರ್ಸ್ ಎಂದು ಮಾತ್ರ ಬರೆದಿತ್ತು, ಆಹಾರ ಪದಾರ್ಥದ ವ್ಯಾಪಾರವೆಂದು ಎಲ್ಲೂ ಇರಲಿಲ್ಲ. ಕಾಫಿ ಮತ್ತು ಮೆಣಸು ಮಾರಲೆಂದೇ ಹೊರಟವರಿಗೆ ಕಾಫಿಯನ್ನೂ ಮೆಣಸನ್ನೂ ಮಾರಲಾಗದ ಲೈಸೆನ್ಸ್ ಸಿದ್ಧವಾಗುತ್ತಿತ್ತು. ಆಹಾರ ಪದಾರ್ಥಕ್ಕೆ ಅಲ್ಲಿನ ಪುರಸಭೆಯ ನೋಂದಣಿ, ಅರಬ್ಬಿ ಭಾಷೆಯ ಲೇಬಲ್ ಎರಡೂ ಬೇಕೆಂಬುದು ಅವರಿಗೆ ತಿಳಿದದ್ದು ನನ್ನ ಮೇಜಿನ ಮುಂದೆ ಕುಳಿತಾಗ.

ಇನ್ನು ತೆರಿಗೆಯಿಲ್ಲ ಎಂಬ ಮಾತು. ಇದು ಹಳೆಯ ಕಾಲದ ದುಬೈಯ ಮಾತು. 2018ರ ಜನವರಿಯಿಂದ ಅಲ್ಲಿ 5 ಪ್ರತಿಶತ ವ್ಯಾಟ್ ಇದೆ. ವಹಿವಾಟು 3,75,000 ದಿರ್ಹಮ್ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. 2023ರ ಜೂನ್ 1ರಿಂದ ಆರಂಭವಾಗುವ ಲೆಕ್ಕ ವರ್ಷಗಳಿಗೆ ಕಂಪನಿ ಆದಾಯ ತೆರಿಗೆಯೂ ಬಂದಿದೆ. ಲಾಭ 3,75,000 ದಿರ್ಹಮ್ ಮೀರಿದರೆ ಮೀರಿದ ಭಾಗಕ್ಕೆ 9 ಪ್ರತಿಶತ. ಸ್ವತಂತ್ರ ವಲಯದ ಕಂಪನಿಗೆ ಅರ್ಹ ಆದಾಯದ ಮೇಲೆ ಸೊನ್ನೆ ದರ ಉಂಟೆಂಬುದು ನಿಜ. ಆದರೆ ನೇರವಾಗಿ ವ್ಯಕ್ತಿಗಳಿಗೆ ಮಾರಿ ಬರುವ ಆದಾಯವನ್ನು, ಕೆಲವೇ ಅಪವಾದಗಳನ್ನು ಬಿಟ್ಟರೆ, ಆ ಸೊನ್ನೆ ದರದಿಂದ ಹೊರಗಿಟ್ಟಿದ್ದಾರೆ. ಆನ್‌ಲೈನ್ ಚಿಲ್ಲರೆ ವ್ಯಾಪಾರವೆಂದರೆ ವ್ಯಕ್ತಿಗಳಿಗೆ ಮಾರುವುದೇ ಅಲ್ಲವೇ? ಯಾವ ವ್ಯಾಪಾರಕ್ಕೆ ಆ ರಿಯಾಯಿತಿ ಸಾಮಾನ್ಯವಾಗಿ ದಕ್ಕುವುದಿಲ್ಲವೋ ಅದೇ ವ್ಯಾಪಾರದವರಿಗೆ ಆ ರಿಯಾಯಿತಿಯನ್ನು ತೋರಿಸಿ ಲೈಸೆನ್ಸ್ ಮಾರಲಾಗುತ್ತಿದೆ. ಸಣ್ಣ ವಹಿವಾಟಿಗೆ, ವರ್ಷಕ್ಕೆ 30 ಲಕ್ಷ ದಿರ್ಹಮ್ ಒಳಗಿದ್ದರೆ, 2026ರ ಡಿಸೆಂಬರ್ 31ರೊಳಗೆ ಮುಗಿಯುವ ತೆರಿಗೆ ಅವಧಿಗಳವರೆಗೆ ಬೇರೊಂದು ವಿನಾಯಿತಿ ಇದೆ, ಅದನ್ನು ಹೇಳದಿದ್ದರೆ ನಾನೂ ಅರ್ಧ ಸತ್ಯ ಹೇಳಿದಂತಾದೀತು. ವಿನಾಯಿತಿ ಇದ್ದರೂ ತೆರಿಗೆ ನೋಂದಣಿ ಮಾಡಿಸಲೇಬೇಕು, ರಿಟರ್ನ್ ಸಲ್ಲಿಸಲೇಬೇಕು. ನೋಂದಣಿಗೆ ತಡವಾದರೆ ದಂಡ 10,000 ದಿರ್ಹಮ್. ಒಂದು ಪೊಟ್ಟಣವನ್ನೂ ಮಾರದ ಕಂಪನಿಗೂ ಈ ಹೊಣೆ ತಪ್ಪುವುದಿಲ್ಲ.

ಸಿಂಗಪುರ ಮತ್ತು ಹಾಂಗ್‌ಕಾಂಗ್ ಬಗ್ಗೆ ಇಷ್ಟು ಸಾಕು. ಸಿಂಗಪುರದ ಕಂಪನಿಯಲ್ಲಿ ಅಲ್ಲೇ ವಾಸಿಸುವ ಒಬ್ಬ ನಿರ್ದೇಶಕ ಇರಲೇಬೇಕು, ಆರು ತಿಂಗಳೊಳಗೆ ಅಲ್ಲಿನ ನಿವಾಸಿಯೊಬ್ಬರನ್ನು ಕಂಪನಿ ಕಾರ್ಯದರ್ಶಿಯಾಗಿ ನೇಮಿಸಬೇಕು. ನಮ್ಮವರು ಯಾರೂ ಅಲ್ಲಿಲ್ಲದಿದ್ದರೆ ಹೆಸರಿಗೊಬ್ಬ ನಿರ್ದೇಶಕನನ್ನು ವರ್ಷ ವರ್ಷವೂ ಹಣ ಕೊಟ್ಟು ಇಟ್ಟುಕೊಳ್ಳಬೇಕು. ಅಲ್ಲಿ ಕಂಪನಿ ತೆರಿಗೆ 17 ಪ್ರತಿಶತ, 2024ರಿಂದ ಜಿಎಸ್‌ಟಿ 9 ಪ್ರತಿಶತ. ಹಾಂಗ್‌ಕಾಂಗ್‌ನಲ್ಲಿ ಮೊದಲ 20 ಲಕ್ಷ ಹಾಂಗ್‌ಕಾಂಗ್ ಡಾಲರ್ ಲಾಭಕ್ಕೆ 8.25 ಪ್ರತಿಶತ, ಅದರ ಮೇಲೆ 16.5 ಪ್ರತಿಶತ, ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಲೇಬೇಕು. ಎರಡೂ ಕಡೆ ಕಾನೂನು ಸ್ಪಷ್ಟವಾಗಿದೆ, ಆಡಳಿತ ಚುರುಕಾಗಿದೆ, ಆ ಮಟ್ಟಿಗೆ ಪ್ರಶಂಸೆಗೆ ಅರ್ಹ. ಆದರೆ ಪಾಲಿಬೆಟ್ಟದಲ್ಲಿ ಕುಳಿತು ತಿಂಗಳಿಗೆ ನೂರಿನ್ನೂರು ಪೊಟ್ಟಣ ಮಾರುವವರ ಲಾಭ ಈ ವಾರ್ಷಿಕ ಖರ್ಚಿಗೇ ಸರಿಹೋಗುತ್ತದೆ.

ಹೆಚ್ಚು ಗಂಭೀರವಾದ ವಿಷಯ ನಮ್ಮದೇ ದೇಶದ ಕಾನೂನಿನದು. ಏಜೆಂಟರು ಇದನ್ನು ಎತ್ತುವುದೇ ಇಲ್ಲ, ಏಕೆಂದರೆ ಅದು ಅವರ ಲೈಸೆನ್ಸ್‌ನ ವ್ಯಾಪ್ತಿಗೆ ಬರುವುದಿಲ್ಲ. ಭಾರತದ ನಿವಾಸಿಯೊಬ್ಬ ಹೊರದೇಶದ ಕಂಪನಿಯ ಷೇರು ಪಡೆಯುವುದನ್ನು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಅಡಿಯಲ್ಲಿ 2022ರ ಆಗಸ್ಟ್ 22ರಂದು ಬಂದ ಸಾಗರೋತ್ತರ ಹೂಡಿಕೆ ನಿಯಮಗಳು ನಿಯಂತ್ರಿಸುತ್ತವೆ. ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ ಎಲ್ಲ ಉದ್ದೇಶಗಳಿಗೂ ಸೇರಿ 2,50,000 ಅಮೆರಿಕನ್ ಡಾಲರ್ ಮಿತಿಯೊಳಗೆ ಹಣ ಕಳಿಸಬಹುದು. ಮಿತಿ ಉದಾರವಾಗಿದೆ, ನಿಜ. ಆದರೆ ಹೂಡಿಕೆಗೆ ಮೊದಲು ಅಧಿಕೃತ ಬ್ಯಾಂಕಿನಲ್ಲಿ ಎಫ್‌ಸಿ ನಮೂನೆ ತುಂಬಿ, ರಿಸರ್ವ್ ಬ್ಯಾಂಕಿನ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು, ಹಣ ಬ್ಯಾಂಕಿನ ಮೂಲಕವೇ ಹೋಗಬೇಕು, ಷೇರು ಪತ್ರವನ್ನು ಆರು ತಿಂಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು, ಆಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಂಪನಿಯ ಸಾಧನಾ ವರದಿ ಸಲ್ಲಿಸಬೇಕು. ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿ ಹೊರಗೆ ಕಳಿಸುವ ಹೂಡಿಕೆ ಹಣಕ್ಕೆ ಬ್ಯಾಂಕು 20 ಪ್ರತಿಶತ ತೆರಿಗೆಯನ್ನು ಮೂಲದಲ್ಲೇ ಹಿಡಿಯುತ್ತದೆ. ಅದು ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆಯಾದರೂ ಅಷ್ಟು ತಿಂಗಳು ಆ ಹಣ ಕೈಯಲ್ಲಿರುವುದಿಲ್ಲ.

ಇಲ್ಲಿಯೇ ನಮ್ಮ ಹುಡುಗರು ಸಿಕ್ಕಿಹಾಕಿಕೊಳ್ಳುವುದು. ಶಾರ್ಜಾದಲ್ಲಿರುವ ಚಿಕ್ಕಪ್ಪನ ಮಗನೋ ದುಬೈಯಲ್ಲಿರುವ ಭಾವನೋ ತನ್ನ ಖಾತೆಯಿಂದ ಲೈಸೆನ್ಸ್ ಹಣ ಕಟ್ಟಿಬಿಡುತ್ತಾನೆ, ಇಲ್ಲಿರುವವನು ಷೇರುದಾರನಾಗಿ ಆನ್‌ಲೈನ್‌ನಲ್ಲೇ ಸಹಿ ಹಾಕುತ್ತಾನೆ. ನಾನು ಒಂದು ರೂಪಾಯಿಯನ್ನೂ ಕಳಿಸಿಲ್ಲವಲ್ಲ, ನನಗೆ ಯಾವ ನಿಯಮ ಎಂಬುದು ಅವನ ನಂಬಿಕೆ. ಆದರೆ ಕಂಪನಿಯ ಸ್ಥಾಪನಾ ಪತ್ರಕ್ಕೆ ಷೇರುದಾರನಾಗಿ ಸಹಿ ಹಾಕುವುದನ್ನೇ ನಿಯಮಗಳು ಹೂಡಿಕೆ ಎಂದು ಪರಿಗಣಿಸುತ್ತವೆ. ಎರಡು ಮೂರು ವರ್ಷ ಕಳೆದು, ವ್ಯಾಪಾರ ಸ್ವಲ್ಪ ಕುದುರಿ, ಲಾಭವನ್ನು ಊರಿನ ಬ್ಯಾಂಕಿಗೆ ತರಿಸಲು ಹೊರಟಾಗ ಬ್ಯಾಂಕಿನವರು ಗುರುತಿನ ಸಂಖ್ಯೆ ಕೇಳುತ್ತಾರೆ. ಆಗ ತಡವಾದ ಸಲ್ಲಿಕೆಯ ಶುಲ್ಕ, ಉಲ್ಲಂಘನೆಯನ್ನು ಹಣ ಕಟ್ಟಿ ಇತ್ಯರ್ಥ ಮಾಡಿಕೊಳ್ಳುವ ರಾಜಿ ಅರ್ಜಿ, ಬೆಂಗಳೂರಿನ ಓಡಾಟ ಶುರುವಾಗುತ್ತದೆ. ಇಂಥ ಒಂದು ಕಡತ ಈಗಲೂ ನನ್ನ ಕಚೇರಿಯಲ್ಲಿದೆ. ಆ ಹುಡುಗ ಪ್ರಾಮಾಣಿಕ, ಏನನ್ನೂ ಮುಚ್ಚಿಡುವ ಉದ್ದೇಶ ಅವನಿಗಿರಲಿಲ್ಲ. ಹಣ ಪಡೆದ ಸಲಹೆಗಾರರು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆದಾಯ ತೆರಿಗೆಯಲ್ಲೂ ಹಾಗೆಯೇ. ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವನು ಇಲ್ಲಿನ ನಿವಾಸಿ, ಮತ್ತು ಸಾಮಾನ್ಯ ನಿವಾಸಿಯ ಜಗತ್ತಿನೆಲ್ಲೆಡೆಯ ಆದಾಯಕ್ಕೆ ಇಲ್ಲಿ ತೆರಿಗೆ ಇದೆ. ವಿದೇಶಿ ಕಂಪನಿಯನ್ನು ಪರಿಣಾಮಕಾರಿಯಾಗಿ ಭಾರತದಿಂದಲೇ ನಡೆಸುತ್ತಿದ್ದರೆ ಆ ಕಂಪನಿಯನ್ನೇ ಭಾರತದ ನಿವಾಸಿಯೆಂದು ಪರಿಗಣಿಸುವ ಕಾನೂನೂ ಇದೆ; 2017ರ ಸುತ್ತೋಲೆಯ ಪ್ರಕಾರ ವರ್ಷಕ್ಕೆ 50 ಕೋಟಿ ರೂಪಾಯಿವರೆಗಿನ ವಹಿವಾಟಿನ ಕಂಪನಿಗೆ ಅದು ಅನ್ವಯಿಸುವುದಿಲ್ಲವೆಂಬುದು ನಮ್ಮವರಿಗೆ ಸಮಾಧಾನದ ಸಂಗತಿ. ಆದರೂ ಆ ಕಂಪನಿಯಿಂದ ಪಡೆದ ಸಂಬಳ, ಲಾಭಾಂಶಗಳಿಗೆ ಇಲ್ಲಿ ತೆರಿಗೆ ತಪ್ಪುವುದಿಲ್ಲ. ರಿಟರ್ನ್‌ನ ವಿದೇಶಿ ಆಸ್ತಿ ಅನುಸೂಚಿಯಲ್ಲಿ ಆ ಷೇರು, ಆ ಬ್ಯಾಂಕ್ ಖಾತೆ ಎರಡನ್ನೂ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ; ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷ ರೂಪಾಯಿ ಮೀರದ ಆಸ್ತಿಗಳಿಗೆ 2024ರ ಅಕ್ಟೋಬರ್‌ನಿಂದ ಆ ದಂಡದಿಂದ ವಿನಾಯಿತಿ ಕೊಟ್ಟಿದ್ದಾರಾದರೂ ತೋರಿಸುವ ಹೊಣೆಯನ್ನು ತೆಗೆದುಹಾಕಿಲ್ಲ.

ಕಾಫಿ ಬೆಳೆಗಾರರಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ, ಇದನ್ನು ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ಬೆಳೆಗಾರನೇ ತಾನು ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ, ಮಾರಿದರೆ ಆದಾಯದ 25 ಪ್ರತಿಶತ ಮಾತ್ರ ವ್ಯಾಪಾರದ ಆದಾಯ, ಉಳಿದದ್ದು ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರಿದರೂ ತೆರಿಗೆಗೆ ಒಳಪಡುವುದು 40 ಪ್ರತಿಶತ. ನಮಗೆಲ್ಲ 7ಬಿ ನಿಯಮವೆಂದೇ ಪರಿಚಿತವಾದದ್ದು ಇದು. ಬೆಳೆದವನೇ ಮಾರುವವನಾಗಿದ್ದಾಗ ಮಾತ್ರ ಈ ಅನುಕೂಲ. ತೋಟದ ಪಹಣಿ ತಂದೆಯ ಹೆಸರಿನಲ್ಲಿದ್ದು, ಮಗನ ದುಬೈ ಕಂಪನಿ ಆ ಕಾಫಿಯನ್ನು ಕೊಂಡು ಮಾರಿದರೆ ಕಂಪನಿಯ ಲಾಭದಲ್ಲಿ ಒಂದು ಪೈಸೆಯೂ ಕೃಷಿ ಆದಾಯವಲ್ಲ. ಅಲ್ಲಿಂದ ಬರುವ ಲಾಭಾಂಶವಂತೂ ಪೂರ್ತಿ ತೆರಿಗೆಗೆ ಒಳಪಟ್ಟದ್ದು. ತನ್ನದೇ ವಿದೇಶಿ ಕಂಪನಿಗೆ ಕಡಿಮೆ ಬೆಲೆಗೆ ಬಿಲ್ ಮಾಡಿ ಲಾಭವನ್ನೆಲ್ಲ ಅಲ್ಲಿ ಉಳಿಸುತ್ತೇನೆಂದರೆ ಅದಕ್ಕೂ ದಾರಿಯಿಲ್ಲ: ಸಂಬಂಧಿತ ಸಂಸ್ಥೆಗಳ ನಡುವಿನ ಅಂತರರಾಷ್ಟ್ರೀಯ ವ್ಯವಹಾರ ಮಾರುಕಟ್ಟೆ ಬೆಲೆಯಲ್ಲೇ ಆಗಿರಬೇಕು, ಮೊತ್ತ ಎಷ್ಟೇ ಸಣ್ಣದಿದ್ದರೂ ಲೆಕ್ಕಪರಿಶೋಧಕರಿಂದ ಪ್ರತ್ಯೇಕ ವರದಿ ಬೇಕು. ಸೊನ್ನೆ ತೆರಿಗೆಯ ಆಸೆಗೆ, ಕೈಯಲ್ಲಿರುವ 60 ಅಥವಾ 75 ಪ್ರತಿಶತದ ಕೃಷಿ ವಿನಾಯಿತಿಯನ್ನು ಬಿಟ್ಟುಕೊಡುವುದು ಯಾವ ಲೆಕ್ಕದಲ್ಲೂ ಸರಿಯಾಗುವುದಿಲ್ಲ.

ಪೊಟ್ಟಣ ತಲುಪುವ ದೇಶದ ಕಟ್ಟಳೆಗಳು ಕಂಪನಿ ಎಲ್ಲಿದ್ದರೂ ಬದಲಾಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಜರ್ಮನಿಯಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಪ್ರತ್ಯೇಕ ಕಾಫಿ ತೆರಿಗೆಯಿದೆ, ಹೊರದೇಶದಿಂದ ಆನ್‌ಲೈನ್‌ನಲ್ಲಿ ತರಿಸಿದ ಪೊಟ್ಟಣಕ್ಕೂ ಅದು ಬೀಳುತ್ತದೆ. ಯುರೋಪಿನಲ್ಲಿ 2021ರ ಜುಲೈನಿಂದ ಎಷ್ಟೇ ಸಣ್ಣ ಪಾರ್ಸೆಲ್‌ಗೂ ವ್ಯಾಟ್ ಉಂಟು. ಅಮೆರಿಕವು 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಕೊಡುತ್ತಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಯುರೋಪಿನ ಅರಣ್ಯನಾಶ ತಡೆ ನಿಯಮದ ಜಾರಿ ಹಲವು ಬಾರಿ ಮುಂದೆ ಹೋಗಿದ್ದರೂ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲವೆಂದು ತೋಟದ ಭೂಸ್ಥಾನದ ವಿವರದೊಂದಿಗೆ ತೋರಿಸಬೇಕೆಂಬ ಅದರ ತಿರುಳು ಹಾಗೆಯೇ ಇದೆ. ಆ ವಿವರ ಇರುವುದು ನಮ್ಮ ತೋಟದಲ್ಲಿ. ಬೆಳ್ಳಿ ಓಕ್, ಅತ್ತಿ, ಹಲಸಿನ ನೆರಳಲ್ಲಿ ಕಾಫಿ ಬೆಳೆಯುವ ನಮಗೆ ಇದು ಹೊರೆಗಿಂತ ಹೆಚ್ಚಾಗಿ ಅವಕಾಶವೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ಇಲ್ಲಿಂದಲೇ ಏನು ಮಾಡಬಹುದು? ಆಮದು ರಫ್ತು ಸಂಕೇತ ಸಂಖ್ಯೆಯನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕಕ್ಕೆ ಮನೆಯಲ್ಲೇ ಕುಳಿತು ಪಡೆಯಬಹುದು. ಕಾಫಿಗೆ ಕಾಫಿ ಮಂಡಳಿಯಲ್ಲಿ, ಮೆಣಸು ಏಲಕ್ಕಿಗಳಿಗೆ ಸಾಂಬಾರ ಮಂಡಳಿಯಲ್ಲಿ ರಫ್ತುದಾರನಾಗಿ ನೋಂದಾಯಿಸಿಕೊಳ್ಳಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದಿಂದ ಕೇಂದ್ರ ಲೈಸೆನ್ಸ್ ಪಡೆಯಬೇಕು. ರಫ್ತಿಗೆ ಜಿಎಸ್‌ಟಿ ಸೊನ್ನೆ ದರ; ಮುಚ್ಚಳಿಕೆ ಪತ್ರವೊಂದನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಸರಕು ಕಳಿಸಬಹುದು. 2023ರ ವಿದೇಶ ವ್ಯಾಪಾರ ನೀತಿ ಕೊರಿಯರ್ ಮೂಲಕ ಕಳಿಸುವ ಒಂದು ಸರಕಿನ ಮೌಲ್ಯದ ಮಿತಿಯನ್ನು 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು. ಅಂಚೆ ಇಲಾಖೆ 2022ರಲ್ಲಿ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು, ಅಂದರೆ ಅಂಚೆ ಕಚೇರಿಯ ರಫ್ತು ಕೇಂದ್ರಗಳನ್ನು, ಆರಂಭಿಸಿ, ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಬಿಲ್ಲನ್ನು ಆನ್‌ಲೈನ್‌ನಲ್ಲೇ ತುಂಬುವ ವ್ಯವಸ್ಥೆ ಮಾಡಿದೆ. ಯುಎಇಯೊಂದಿಗಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದ್ದು, ಅದರ ಸುಂಕದ ಅನುಕೂಲ ಸಿಗುವುದು ಭಾರತದಲ್ಲೇ ಉತ್ಪಾದನೆಯಾದದ್ದೆಂದು ದೃಢೀಕರಿಸುವ ಮೂಲ ಪ್ರಮಾಣಪತ್ರವಿರುವ ಸರಕಿಗೆ. ಅಂದರೆ ಇಲ್ಲಿಂದ ಕಳಿಸುವವನ ಕೈಯಲ್ಲೇ ಆ ಅನುಕೂಲದ ಕೀಲಿಯಿದೆ.

ಹಣ ಪಡೆಯುವ ತೊಂದರೆಯಿಂದಾಗಿಯೇ ವಿದೇಶಿ ಕಂಪನಿ ಬೇಕಾಯಿತು ಎಂದು ಹಲವರು ನನ್ನಲ್ಲಿ ಹೇಳಿದ್ದಾರೆ, ಒಂದು ಕಾಲಕ್ಕೆ ಅದು ನಿಜವಾದ ತೊಂದರೆಯೇ ಆಗಿತ್ತು. 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಗಡಿಯಾಚೆಯ ಪಾವತಿ ಸಂಗ್ರಾಹಕರಿಗೆ ಪ್ರತ್ಯೇಕ ನಿಯಮ ತಂದ ಮೇಲೆ, ವಿದೇಶಿ ಗ್ರಾಹಕನ ಕಾರ್ಡಿನಿಂದ ಹಣವನ್ನು ನೇರವಾಗಿ ನಮ್ಮ ಊರಿನ ಚಾಲ್ತಿ ಖಾತೆಗೆ ತರಿಸುವ ಸಂಸ್ಥೆಗಳಿಗೆ ಕಾನೂನಿನ ಬೆಂಬಲ ಸಿಕ್ಕಿದೆ. ಇದಕ್ಕೆ ಹೋಲಿಸಿದರೆ ಹೊಸದಾಗಿ ಹುಟ್ಟಿದ, ಮಾಲೀಕ ಅಲ್ಲಿ ವಾಸವೇ ಇಲ್ಲದ ಕಂಪನಿಗೆ ದುಬೈಯಲ್ಲಾಗಲಿ ಹಾಂಗ್‌ಕಾಂಗ್‌ನಲ್ಲಾಗಲಿ ಬ್ಯಾಂಕ್ ಖಾತೆ ಸಿಗುವುದು ಹೆಚ್ಚು ಕಷ್ಟ. ಅಲ್ಲಿನ ಬ್ಯಾಂಕುಗಳು ಗ್ರಾಹಕರು ಯಾರು, ಸರಬರಾಜುದಾರರು ಯಾರು, ಒಪ್ಪಂದ ಎಲ್ಲಿ, ಹಣದ ಮೂಲ ಯಾವುದು ಎಂದು ಒಂದೊಂದಾಗಿ ಕೇಳುತ್ತವೆ. ಕೇಳುವುದು ನ್ಯಾಯವೂ ಹೌದು.

ಬ್ರಾಂಡ್ ಹೆಸರಿನ ಬಗ್ಗೆ ನನಗೆ ವಿಶೇಷವಾದ ಆತಂಕವಿದೆ. ಕೊಡಗಿನ ಕಿತ್ತಳೆ, ಕೂರ್ಗ್ ಹಸಿರು ಏಲಕ್ಕಿ, 2019ರಲ್ಲಿ ಕೂರ್ಗ್ ಅರೇಬಿಕಾ ಕಾಫಿ, ಇವೆಲ್ಲಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಆ ಪ್ರದೇಶದ ಉತ್ಪನ್ನಕ್ಕಷ್ಟೇ ಆ ಹೆಸರೆಂಬ ರಕ್ಷಣೆ, ದೊರೆತಿದೆ. ಆದರೆ ಈ ರಕ್ಷಣೆ ನೋಂದಣಿಯಾದ ದೇಶದ ಗಡಿಯೊಳಗೆ ಮಾತ್ರ. ತೋಟದ ಹೆಸರನ್ನೂ ಕುಟುಂಬದ ಮೂಲಮನೆಯಾದ ಐನ್‌ಮನೆಯ ಹೆಸರನ್ನೂ ಟ್ರೇಡ್‌ಮಾರ್ಕ್ ಮಾಡಿ, ಅದನ್ನು ವಿದೇಶಿ ಕಂಪನಿಯ ಹೆಸರಿನಲ್ಲಿ ನೋಂದಾಯಿಸಿಬಿಟ್ಟರೆ, ಮುಂದೊಂದು ದಿನ ಲೈಸೆನ್ಸ್ ನವೀಕರಿಸಲಾಗದೆ ಆ ಕಂಪನಿ ಮುಚ್ಚಿಹೋದಾಗ, ಇಲ್ಲವೇ ಅಲ್ಲಿನ ಪಾಲುದಾರನೊಂದಿಗೆ ಮನಸ್ತಾಪವಾದಾಗ, ತಲೆಮಾರುಗಳಿಂದ ಬಂದ ಹೆಸರೇ ಕೈತಪ್ಪಬಹುದು. ಭಾರತ 2013ರಲ್ಲಿ, ಯುಎಇ 2021ರ ಕೊನೆಯಲ್ಲಿ ಮ್ಯಾಡ್ರಿಡ್ ವ್ಯವಸ್ಥೆಯನ್ನು ಸೇರಿವೆ. ಸಿಂಗಪುರ 2000ನೇ ಇಸವಿಯಿಂದಲೇ ಅದರಲ್ಲಿದೆ. ಇಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ಅದರ ಆಧಾರದ ಮೇಲೆ ಒಂದೇ ಅಂತರರಾಷ್ಟ್ರೀಯ ಅರ್ಜಿಯಲ್ಲಿ ಆ ದೇಶಗಳಲ್ಲೂ ರಕ್ಷಣೆ ಕೋರಬಹುದು. ಹೆಸರು ಬೆಳೆಗಾರನ ಹೆಸರಿನಲ್ಲೇ ಉಳಿಯಲಿ, ವಿದೇಶಿ ಕಂಪನಿ ಇದ್ದರೆ ಅದಕ್ಕೆ ಬಳಸುವ ಅನುಮತಿ ಮಾತ್ರ ಕೊಡಲಿ.

ವಿದೇಶದಲ್ಲಿ ಕಂಪನಿ ನಿಜಕ್ಕೂ ಬೇಕಾಗುವ ಸಂದರ್ಭವೂ ಉಂಟು. ದುಬೈಯ ಗ್ರಾಹಕರಿಂದ ಇಲ್ಲಿಗೆ ನಿರಂತರವಾಗಿ ಆರ್ಡರ್ ಬರುತ್ತಿದೆ, ಅವರು ಇಂದು ಕೇಳಿದ್ದನ್ನು ನಾಳೆ ತಲುಪಿಸಬೇಕೆನ್ನುತ್ತಾರೆ, ಅದಕ್ಕಾಗಿ ಅಲ್ಲೇ ದಾಸ್ತಾನು ಇಡಬೇಕು, ಬಹುಶಃ ಅಲ್ಲೇ ಹುರಿಯಬೇಕು, ನೋಡಿಕೊಳ್ಳಲು ಮನೆಯವರೊಬ್ಬರು ಅಲ್ಲಿ ಕಾಯಂ ನೆಲೆಸಿದ್ದಾರೆ ಎಂದಾದರೆ ಕಂಪನಿ ತೆರೆಯುವುದು ವಿವೇಕದ ಕೆಲಸವೇ. ಕೊಲ್ಲಿ ದೇಶಗಳಲ್ಲಿ ನಮ್ಮ ಜಿಲ್ಲೆಯ ಎಲ್ಲ ಸಮುದಾಯದವರೂ ಇದ್ದಾರೆ, ಅವರ ಅನುಭವ, ನಂಟು ಎರಡೂ ನಮಗೆ ದೊಡ್ಡ ಬಲ. ಅಂಥವರು ಆಹಾರ ವ್ಯಾಪಾರದ ಚಟುವಟಿಕೆಯನ್ನೇ ನಮೂದಿಸಿದ ಲೈಸೆನ್ಸ್ ಪಡೆದು, ಆಧುನಿಕ ತಂತ್ರಜ್ಞಾನದ ಮೂಲಕ ನಡೆಯುವ ವ್ಯಾಪಾರಕ್ಕೆಂದು ಯುಎಇ 2023ರಲ್ಲಿ ತಂದ ಕಾನೂನನ್ನು ಪಾಲಿಸಿ, ಇಲ್ಲಿನ ರಿಸರ್ವ್ ಬ್ಯಾಂಕ್ ವಿಧಿಗಳನ್ನು ಮೊದಲೇ ಪೂರೈಸಿ ಹೋದರೆ ಅವರನ್ನು ತಡೆಯುವವರು ಯಾರೂ ಇಲ್ಲ. ಮೊದಲು ಗ್ರಾಹಕ, ಆಮೇಲೆ ದಾಸ್ತಾನು, ಕೊನೆಗೆ ಕಂಪನಿ ಎಂಬ ಕ್ರಮ ಮಾತ್ರ ತಲೆಕೆಳಗಾಗಬಾರದು.

ಅದೇ ವಿದೇಶಿ ಕಂಪನಿಯಿಂದ ಮತ್ತೆ ಭಾರತದ ಗ್ರಾಹಕರಿಗೇ ಮಾರುವ ಯೋಜನೆ ಹಾಕಿಕೊಂಡವರಿಗೂ ಒಂದು ಮಾತು. ವಿದೇಶಿ ಬಂಡವಾಳದ ಸಂಸ್ಥೆ ತಾನೇ ಸರಕು ಕೊಂಡು ದಾಸ್ತಾನಿಟ್ಟು ಆನ್‌ಲೈನ್‌ನಲ್ಲಿ ಭಾರತೀಯ ಗ್ರಾಹಕರಿಗೆ ಮಾರುವುದಕ್ಕೆ ನಮ್ಮ ನೇರ ವಿದೇಶಿ ಹೂಡಿಕೆ ನೀತಿ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ, ಮಾರಾಟ ವೇದಿಕೆ ನಡೆಸಲು ಮಾತ್ರ ಅವಕಾಶ. ದುಬೈಗೆ ಹೋಗಿ ಬಂದ ನಮ್ಮದೇ ಹಣವಾದರೂ ಅದು ವಿದೇಶಿ ಬಂಡವಾಳವೇ.

ಇಷ್ಟೆಲ್ಲವನ್ನೂ ಯಾರು ಹೇಳಬೇಕು ಎಂಬುದು ನನ್ನ ಪತ್ರದ ಮುಖ್ಯ ಪ್ರಶ್ನೆ. ರೈಲು ಮಾರ್ಗವಿಲ್ಲದ, ವಿಮಾನಕ್ಕೆ ಕಣ್ಣೂರಿಗೋ ಮಂಗಳೂರಿಗೋ ಹೋಗಬೇಕಾದ ಜಿಲ್ಲೆಯ ಯುವಕನಿಗೆ ಉಚಿತ ಸಭೆ ನಡೆಸಿ ಚಹಾ ಕೊಟ್ಟು ಮಾತನಾಡಿಸುವವರು ವಿದೇಶಿ ಲೈಸೆನ್ಸ್ ಮಾರುವವರು ಮಾತ್ರವೆಂದಾದರೆ, ಅವನು ಅವರ ಮಾತನ್ನೇ ನಂಬುತ್ತಾನೆ. ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇದು. ಕಾಫಿ ಮಂಡಳಿಯು ಮಡಿಕೇರಿಯಲ್ಲಿ ವಾರಕ್ಕೊಂದು ದಿನವಾದರೂ ರಫ್ತು ಸಹಾಯ ಮೇಜು ನಡೆಸಿ, ನೋಂದಣಿ, ರಫ್ತು ಪರವಾನಗಿ, ಮೂಲ ಪ್ರಮಾಣಪತ್ರಗಳ ಅರ್ಜಿಗಳನ್ನು ಸಣ್ಣ ಬೆಳೆಗಾರರ ಮುಂದೆಯೇ ತುಂಬಿಸಿಕೊಡಬೇಕು. ಸಾಂಬಾರ ಮಂಡಳಿಯ ಅಧಿಕಾರಿಗಳೂ ಅದೇ ದಿನ ಬಂದು ಕುಳಿತರೆ ಕಾಫಿಯ ನಡುವೆಯೇ ಮೆಣಸು ಬೆಳೆಯುವ ನಮಗೆ ಎರಡು ಓಡಾಟ ತಪ್ಪುತ್ತದೆ. ಅಂಚೆ ಇಲಾಖೆಯು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ರಫ್ತು ಪಾರ್ಸೆಲ್ ಸ್ವೀಕರಿಸಿ, ರಫ್ತು ಬಿಲ್ ತುಂಬುವುದನ್ನು ಬಲ್ಲ ಒಬ್ಬ ಸಿಬ್ಬಂದಿಯನ್ನಾದರೂ ಅಲ್ಲಿ ನಿಯೋಜಿಸಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರವು ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಬೆಳೆಗಾರರು ಬಾಡಿಗೆ ಕೊಟ್ಟು ಬಳಸಬಹುದಾದ ಹುರಿಯುವ ಮತ್ತು ಪ್ಯಾಕ್ ಮಾಡುವ ಘಟಕವೊಂದನ್ನು, ಆಹಾರ ಸುರಕ್ಷತೆಯ ಲೈಸೆನ್ಸ್ ಸಹಿತ, ಸ್ಥಾಪಿಸಿದರೆ ಮನೆ ಮನೆಯಲ್ಲೂ ಯಂತ್ರ ಕೊಳ್ಳಲು ಸಾಲ ಮಾಡುವುದು ತಪ್ಪುತ್ತದೆ. ನಮ್ಮ ಬೆಳೆಗಾರರ ಸಹಕಾರ ಸಂಘಗಳು ಮತ್ತು ಜೇನು ಸಹಕಾರ ಸಂಘಗಳು ಸದಸ್ಯರ ಪರವಾಗಿ ಒಂದೇ ರಫ್ತು ಸಂಕೇತ ಸಂಖ್ಯೆಯಲ್ಲಿ ಸರಕು ಕಳಿಸುವ ಸಾಧ್ಯತೆಯನ್ನು ಮಹಾಸಭೆಗಳಲ್ಲಿ ಚರ್ಚೆಗೆ ತರಬೇಕು. ಜಿಲ್ಲೆಯ ಲೆಕ್ಕಪರಿಶೋಧಕರು ಮತ್ತು ತೆರಿಗೆ ಸಲಹೆಗಾರರು ಸರದಿಯಂತೆ ಆ ಸಹಾಯ ಮೇಜಿನಲ್ಲಿ ಶುಲ್ಕವಿಲ್ಲದೆ ಕುಳಿತುಕೊಳ್ಳಬಹುದು. ವಿರಾಜಪೇಟೆ ಭಾಗಕ್ಕೆ ಬರಲು ನಾನು ಸಿದ್ಧನಿದ್ದೇನೆ.

ಈಗಾಗಲೇ ವಿದೇಶಿ ಕಂಪನಿಯ ಪತ್ರಗಳಿಗೆ ಸಹಿ ಹಾಕಿರುವವರು ಗಾಬರಿಯಾಗಬೇಕಾಗಿಲ್ಲ. ತಡವಾಗಿಯಾದರೂ ತಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಗೆ ತಾವಾಗಿಯೇ ಹೋಗಿ ವಿವರ ಕೊಟ್ಟರೆ, ಶುಲ್ಕ ಕಟ್ಟಿ ಸರಿಪಡಿಸಿಕೊಳ್ಳುವ ದಾರಿ ನಿಯಮಗಳಲ್ಲೇ ಇದೆ. ಬೇಡವಾದ ಲೈಸೆನ್ಸ್ ಇದ್ದರೆ ಅದನ್ನು ನವೀಕರಿಸದೆ ಸುಮ್ಮನೆ ಬಿಡದೆ, ಅಲ್ಲಿನ ವಿಧಿಯಂತೆ ಅರ್ಜಿ ಕೊಟ್ಟು ರದ್ದು ಮಾಡಿಸಬೇಕು, ಇಲ್ಲದಿದ್ದರೆ ದಂಡ ಬೆಳೆಯುತ್ತ ಹೋಗುತ್ತದೆ. ಸಹಿ ಹಾಕದವರು ಕೊಟೇಶನ್ ಹಾಳೆಯಲ್ಲಿ ಎರಡನೆಯ ವರ್ಷದ ಒಟ್ಟು ಖರ್ಚು, ಆಹಾರ ವ್ಯಾಪಾರದ ನಮೂದು, ಕಂಪನಿ ಮುಚ್ಚುವ ಖರ್ಚು ಈ ಮೂರನ್ನೂ ಬರೆದುಕೊಡಿ ಎಂದು ಏಜೆಂಟರನ್ನು ಕೇಳಲಿ. ಅರೇಬಿಕಾ ಕೊಯ್ಲು ನವೆಂಬರ್ ಡಿಸೆಂಬರ್ ಹೊತ್ತಿಗೆ ಶುರುವಾಗುತ್ತದೆ. ಅದಕ್ಕೆ ಮೊದಲು ಮಡಿಕೇರಿಯ ಸಹಾಯ ಮೇಜು ಆರಂಭವಾಗುವಂತೆ ಜಿಲ್ಲಾಧಿಕಾರಿಗಳು ಕಾಫಿ ಮಂಡಳಿ, ಸಾಂಬಾರ ಮಂಡಳಿ ಮತ್ತು ಅಂಚೆ ಇಲಾಖೆಯ ಅಧಿಕಾರಿಗಳ ಸಭೆ ಕರೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ ಮತ್ತು ತೆರಿಗೆ ಸಲಹೆಗಾರ
ವಿರಾಜಪೇಟೆ, ಕೊಡಗು ಜಿಲ್ಲೆ